ಮಳವಳ್ಳಿಯ ನಾಟಕ, ಮದ್ದೂರಿನ ವಡೆ

ನಾಲಗೆಗೆ ಹತ್ತಿದ ರುಚಿಯೂ ಕಿವಿಗೆ ಹತ್ತಿದ ರಾಗವೂ ಸುಲಭವಾಗಿ ಬಿಡತಕ್ಕವಲ್ಲ. ಆದರೆ ಅವನ್ನು ಹಳೆಯ ಎಡೆಯಲ್ಲಿಯೇ ಮತ್ತೆ ಅರಸಿಕೊಂಡು ಹೋದವರಿಗೆ ಸಂತೋಷ ದೊರೆಯುವುದೋ ವ್ಯಥೆ ದೊರೆಯುವುದೋ ಎಂಬುದನ್ನು ಹೊರಡುವ ಮುನ್ನ ಹೇಳುವಂತಿಲ್ಲ. ಕಳೆದ ಮಾಘಮಾಸದಲ್ಲಿ ನಾವು ಮೈಸೂರಿನಿಂದ ಮಂಡ್ಯ, ಮಳವಳ್ಳಿ, ಮದ್ದೂರುಗಳನ್ನು ಸುತ್ತಿಬಂದುದು ಅಂತಹುದೊಂದು ಪ್ರಯಾಣ.

ನಮ್ಮನ್ನು ಹೊರಡಿಸಿದವರು ನಮ್ಮ ಚಿಕ್ಕಪ್ಪನವರು. ಅವರಿಗೆ ಎಂಬತ್ತು ಸಮೀಪಿಸಿದೆ; ಕಿವಿ ಮಂದವಾಗಿದೆ; ಹಲ್ಲುಗಳಲ್ಲಿ ಉಳಿದಿರುವುವು ಬೆರಳೆಣಿಕೆಯವು. "ಇನ್ನೊಂದ್ ಸಲ ನಮ್ಮ ಕಡೆ ರಾತ್ರಿ ನಾಟಕ ನೋಡ್ಬೇಕು ಕಣಪ್ಪ. ಬೆಳಗಾಗ್ತಲೂ ಮದ್ದೂರಲ್ಲಿ ವಡೆ ತಿನ್ಬೇಕು" ಎಂದು ಒಂದು ತಿಂಗಳಿಂದ ಹೇಳುತ್ತಲೇ ಇದ್ದರು. ಕೇಳದ ಕಿವಿಗೆ ನಾಟಕವೇಕೆ, ಅಗಿಯಲಾರದ ಬಾಯಿಗೆ ವಡೆಯೇಕೆ ಎಂದು ನಮ್ಮ ಮನೆಯವರು ಆಕ್ಷೇಪಿಸಿದರು. ಆದರೂ ಹೊರಡುವ ದಿನ ಕಂಬಳಿ, ಶಾಲು, ಬಿಸಿನೀರಿನ ಸೀಸೆಗಳನ್ನು ಮೊದಲು ಕಟ್ಟಿಟ್ಟವರೂ ಅವರೇ.

2023ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಉದ್ಘಾಟನೆಯಾಯಿತಷ್ಟೆ. ಆ ಮಾರ್ಗವು ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ಮೊದಲಾದ ಊರುಗಳನ್ನು ಒಳಹೊಗದೆ ಹೊರಗಿನಿಂದಲೇ ಬಳಸಿಕೊಂಡು ಹೋಗುತ್ತದೆ. ವೇಗವಾಗಿ ಹೋಗಬೇಕಾದವರಿಗೆ ಅದರಿಂದ ಉಪಕಾರವೇ ಸರಿ. ಆದರೆ ದಾರಿಹೋಕರ ಹಸಿವನ್ನೇ ನಂಬಿ ಹಳೆಯ ರಸ್ತೆಯಲ್ಲಿ ಒಲೆ ಹೊತ್ತಿಸಿದ್ದ ಹೋಟೆಲುಗಳ ಗತಿಯೇನು? ಅದನ್ನು ಕಣ್ಣಾರೆ ನೋಡೋಣವೆಂದು ನಾವು ಹಳೆಯ ರಸ್ತೆಯಲ್ಲಿಯೇ ಹೊರಟೆವು.

ಮಂಡ್ಯವನ್ನು ಸೇರಿದಾಗ ಬೆಳಗಿನ ಒಂಬತ್ತು ಗಂಟೆ. ಈ ಊರು 1939ರಲ್ಲಿ ಜಿಲ್ಲಾ ಕೇಂದ್ರವಾಯಿತು. ಅದಕ್ಕೆ ಮುಂಚೆಯೇ ಕೃಷ್ಣರಾಜಸಾಗರದ ನಾಲೆಯ ನೀರೂ, 1933ರಲ್ಲಿ ಸ್ಥಾಪಿತವಾದ ಸಕ್ಕರೆ ಕಂಪನಿಯೂ ಸೇರಿ ಇಲ್ಲಿಯ ಒಕ್ಕಲಿನ ರೀತಿಯನ್ನೇ ಬದಲಾಯಿಸಿದ್ದುವು. ಬೆಲ್ಲವನ್ನು ಮಂಡಿಗೆ ಹಾಕಲು ಬಂದ ರೈತರು ದುಡ್ಡೆಣಿಸಿಕೊಂಡು ನೇರವಾಗಿ ಹೋಟೆಲಿಗೆ ನುಗ್ಗುತ್ತಿದ್ದ ಕಾಲವನ್ನು ನಾವು ಬಲ್ಲೆವು. ಮಂಡಿಯ ದಿನ ತಾತನವರೊಡನೆ ಹೋಗಿ ಬೆಣ್ಣೆ ಹಾಕಿದ ಖಾಲಿ ದೋಸೆ ತಿನ್ನುತ್ತಿದ್ದ ಹೋಟೆಲನ್ನು ಹುಡುಕಿದೆವು. ಆ ಜಾಗದಲ್ಲಿ ಈಗ ಔಷಧದ ಅಂಗಡಿಯಿದೆ. ಚಿಕ್ಕಪ್ಪನವರು ಒಂದು ಕ್ಷಣ ನಿಂತು ನೋಡಿ, "ಹೋಗ್ಲಿ, ಬಂದದ್ದು ದಂಡವಾಗ್ಬಾರ್ದು" ಎಂದು ತಮ್ಮ ರಕ್ತದೊತ್ತಡದ ಮಾತ್ರೆಗಳನ್ನು ಅಲ್ಲಿಯೇ ಕೊಂಡರು!

ಮಳವಳ್ಳಿಯಲ್ಲಿ ಅಷ್ಟು ನಿರಾಶೆಯಾಗಲಿಲ್ಲ. ಬಸ್ ನಿಲ್ದಾಣದ ಬಳಿಯ ಒಂದು ಸಣ್ಣ ಊಟದ ಮನೆಯಲ್ಲಿ ರಾಗಿಮುದ್ದೆ, ಅವರೆಕಾಳಿನ ಸಾರು, ಮೇಲೊಂದು ಲೋಟ ಮಜ್ಜಿಗೆ. ಹಲ್ಲಿಲ್ಲದವರಿಗೆ ಮುದ್ದೆಗಿಂತ ಹಿತವಾದ ಊಟ ಬೇರೆ ಯಾವುದಿದೆ? ನುಂಗಿದರೆ ತೀರಿತು. ಚಿಕ್ಕಪ್ಪನವರು ಎರಡನೆಯ ಮುದ್ದೆಗೂ ಕೈ ಚಾಚಿದರು.

ನಾಟಕವಿದ್ದುದು ಅಲ್ಲಿಗೆ ಸಮೀಪದ ಒಂದು ಹಳ್ಳಿಯಲ್ಲಿ, ಪ್ರಸಂಗ ಕುರುಕ್ಷೇತ್ರ. ಈ ಸೀಮೆಯ ನಾಟಕದ ಪದ್ಧತಿಯನ್ನು ಅರಿಯದ ವಾಚಕರಿಗೆ ಎರಡು ಮಾತು ಹೇಳಬೇಕು. ಇಲ್ಲಿ ನಟರು ಸಂಬಳಕ್ಕೆ ಆಡುವವರಲ್ಲ. ತಾವೇ ಹಣ ಕೊಟ್ಟು ಪಾತ್ರ ವಹಿಸುವವರು. ಕೃಷ್ಣ, ದುರ್ಯೋಧನ, ಕರ್ಣ ಮುಂತಾದ ದೊಡ್ಡ ಪಾತ್ರಗಳಿಗೆ ಹೆಚ್ಚು ಹಣ, ಚಿಕ್ಕವಕ್ಕೆ ಕಡಮೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿಯ ಹೊತ್ತು ಕಂದ, ವೃತ್ತ, ಹಾಡುಗಳನ್ನು ಅಭ್ಯಾಸ ಮಾಡಿಸುತ್ತಾರೆ. ಪರದೆ, ಕಿರೀಟ, ಗದೆಗಳು ಬಾಡಿಗೆಗೆ ಬರುತ್ತವೆ. ಸ್ತ್ರೀಪಾತ್ರಗಳಿಗೆ ವೃತ್ತಿಯ ನಟಿಯರನ್ನು ಕರೆಸುತ್ತಾರೆ. ಹಗಲು ನೇಗಿಲು ಹಿಡಿದವನು ರಾತ್ರಿ ಸಿಂಹಾಸನವೇರುತ್ತಾನೆ. ಹಾಡು ಮನಸ್ಸಿಗೆ ಬಂದರೆ ಜನರು "ಒನ್ಸ್ ಮೋರ್" ಎಂದು ಕೂಗಿ ಅದನ್ನೇ ಮತ್ತೆ ಹಾಡಿಸುತ್ತಾರೆ. ಬೆಳಗಾಗುವ ಮುಂಚೆ ಯುದ್ಧ ಮುಗಿದರೆ ಪುಣ್ಯ.

1968ರಲ್ಲಿ ನಮ್ಮ ಊರಿನಲ್ಲಿ ಚಿಕ್ಕಪ್ಪನವರು ಕರ್ಣನ ಪಾತ್ರ ಮಾಡಿದ್ದರು. ನಾವಾಗ ಎಂಟು ವರ್ಷದ ಬಾಲಕರು. ನಮ್ಮ ತಾಲ್ಲೂಕಿನ ಅಂಚಿನಲ್ಲಿರುವ ಶಿವನಸಮುದ್ರದಿಂದ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿದಿತ್ತು. ಆದರೆ ಅಂದು ನಮ್ಮೂರಿನ ಕರ್ಣನು ಹಾಡಿದ್ದು ಪೆಟ್ರೊಮ್ಯಾಕ್ಸ್ ದೀಪದ ಬೆಳಕಿನಲ್ಲಿ. ಪಾತ್ರದ ಹಣಕ್ಕಾಗಿ ಚಿಕ್ಕಪ್ಪನವರು ಬೆಲ್ಲ ಮಾರಿದ ದುಡ್ಡಿನಲ್ಲಿ ಕೈಯಿಟ್ಟಿದ್ದರು. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ನಮ್ಮ ತಂದೆಯವರು ಊರಿಗೆ ಬಂದಾಗ ಈ ಸಂಗತಿ ತಿಳಿದು ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. "ಆ ನಾಟಕದ ಕಡೆ ತಲೆ ಹಾಕಿ ಮಲಗುವುದೂ ಇಲ್ಲ" ಎಂದು ತಂದೆಯವರು ಹಜಾರದಲ್ಲಿ ಚಾಪೆ ಹಾಸಿಕೊಂಡರು. ಅಜ್ಜಿ ಕಣ್ಣೊರೆಸಿಕೊಳ್ಳುತ್ತ ನಮ್ಮನ್ನು ಕರೆದುಕೊಂಡು ನಾಟಕಕ್ಕೆ ನಡೆದರು. ಕೃಷ್ಣನ ಪ್ರವೇಶವಾಗುತ್ತಲೇ ನಾವು ಅಜ್ಜಿಯ ತೊಡೆಯ ಮೇಲೆ ನಿದ್ದೆಹೋದೆವು. ಎಚ್ಚರವಾದಾಗ ಕರ್ಣನು ಕುಂತಿಯ ಮುಂದೆ ಹಾಡುತ್ತಿದ್ದನು, ಜನರು "ಒನ್ಸ್ ಮೋರ್" ಎಂದು ಕೂಗುತ್ತಿದ್ದರು. ಆ ದನಿಯು ಇಂದಿಗೂ ನಮ್ಮ ಕಿವಿಯಲ್ಲಿದೆ. ಹಾರ್ಮೋನಿಯಂ ಕಲಿಯಬೇಕೆಂಬ ಆಸೆ ನಮಗೆ ಹುಟ್ಟಿದ್ದು ಅಂದೇ. ಆದರೆ ತಂದೆಯವರ ಕೋಪವನ್ನು ಕಂಡಿದ್ದ ನಾವು ಆ ಆಸೆಯನ್ನು ಬಾಯಿಬಿಟ್ಟು ಹೇಳಲೇ ಇಲ್ಲ.

ಈ ಸಲದ ನಾಟಕಕ್ಕೆ ಕಣ್ಣು ಕೋರೈಸುವ ವಿದ್ಯುದ್ದೀಪಗಳು, ಎದೆ ನಡುಗಿಸುವ ಧ್ವನಿವರ್ಧಕಗಳು. ಮುಂದೆ ಕುಳಿತ ತರುಣರು ಫೋನುಗಳಲ್ಲಿ ಚಿತ್ರ ತೆಗೆಯುತ್ತಿದ್ದರು. ಆದರೆ ಹಾಡಿನ ಮಟ್ಟುಗಳು ಅವೇ. "ಒನ್ಸ್ ಮೋರ್" ಎಂಬ ಕೂಗೂ ಅದೇ. ಚಿಕ್ಕಪ್ಪನವರು ಹಾರ್ಮೋನಿಯಂ ಮೇಷ್ಟ್ರ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು, ಪೆಟ್ಟಿಗೆಯನ್ನಿರಿಸಿದ್ದ ಮಂಚದ ಹಲಗೆಯ ಮೇಲೆ ಅಂಗೈಯನ್ನು ಊರಿದರು. ಕಿವಿಗೆ ಬಾರದ ಶ್ರುತಿಯು ಕೈಗೆ ಬರುತ್ತಿದ್ದಿತೆಂದು ತೋರುತ್ತದೆ. ಕರ್ಣನು ಹಾಡತೊಡಗಿದಾಗ ಅವರ ತುಟಿಗಳು ಅಲುಗುತ್ತಿದ್ದುವು. ತಾಳ ಎಲ್ಲಿಯೂ ತಪ್ಪಲಿಲ್ಲ. ನಮ್ಮ ಮನೆಯವರು ಅದನ್ನು ನೋಡಿ ಕಂಬಳಿಯನ್ನು ಅವರ ಹೆಗಲಿಗೆ ಸರಿಮಾಡಿ ಹೊದಿಸಿ ಸುಮ್ಮನೆ ಕುಳಿತರು.

ಬೆಳಗ್ಗೆ ಮದ್ದೂರು. ಇಲ್ಲಿಯ ವಡೆಯ ಜನ್ಮವೃತ್ತಾಂತವನ್ನು ಅನೇಕರು ಕೇಳಿರಬಹುದು. 1917ರಲ್ಲಿ ಮದ್ದೂರಿನ ರೈಲ್ವೆ ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯರೆಂಬವರು ಉಪಾಹಾರದ ವ್ಯಾಪಾರ ನಡೆಸುತ್ತಿದ್ದರು. ಒಂದು ದಿನ ರೈಲು ಬರುವ ವೇಳೆಗೆ ತಿಂಡಿ ಸಿದ್ಧವಾಗಿರಲಿಲ್ಲವಂತೆ. ಇದ್ದ ಹಿಟ್ಟನ್ನೇ ಅವಸರದಲ್ಲಿ ತಟ್ಟಿ ಕರಿದು ಕೊಟ್ಟರಂತೆ. ಪ್ರಯಾಣಿಕರು ಮೆಚ್ಚಿ ಮತ್ತೆ ಮತ್ತೆ ಕೇಳಿದರಂತೆ. ಉದ್ದಿನ ವಡೆಗಾದರೆ ಬೇಳೆ ನೆನೆಯಬೇಕು, ರುಬ್ಬಬೇಕು. ಈ ವಡೆಗೆ ಆ ಗೋಜಿಲ್ಲ. ರವೆ, ಮೈದಾ, ಅಕ್ಕಿಹಿಟ್ಟುಗಳಿಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಬೆರೆಸಿ, ಕಾದ ಎಣ್ಣೆ ಹಾಕಿ, ಕೊಂಚವೇ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ತೆಳ್ಳಗೆ ತಟ್ಟಿ ಕರಿದರೆ ಆಯಿತು. ತೇವ ಕಡಮೆಯಾದುದರಿಂದ ಬೇಗ ಕೆಡುವುದಿಲ್ಲ. ಪ್ರಯಾಣಕ್ಕೆ ಕಟ್ಟಿಕೊಂಡು ಹೋಗಲು ಅನುಕೂಲ.

ಹಳೆಯ ರಸ್ತೆಯ ಒಂದು ಹೋಟೆಲಿನಲ್ಲಿ ಕುಳಿತೆವು. ಅರ್ಧಕ್ಕರ್ಧ ಮೇಜುಗಳು ಬರಿದಾಗಿದ್ದುವು. ಚಿಕ್ಕಪ್ಪನವರು ವಡೆಯನ್ನು ಮುರಿದು ಕಾಫಿಯಲ್ಲಿ ಅದ್ದಿ ತಿನ್ನುತ್ತ ಇದ್ದಕ್ಕಿದ್ದಂತೆ, "ಆವತ್ತು ನಿಮ್ಮಪ್ಪ ಬಂದಿದ್ದ ಕಣಪ್ಪ" ಎಂದರು.

"ಎಲ್ಲಿಗೆ?" ಎಂದು ಗಟ್ಟಿಯಾಗಿ ಕೇಳಿದೆವು.

"ನಾಟಕಕ್ಕೆ. ಮಾರನೇ ದಿನ ಬೆಂಗಳೂರು ರೈಲು ಹತ್ತಿಸೋಕೆ ಮದ್ದೂರಿಗೆ ಬಂದಿದ್ದೆ. ದಾರಿ ಉದ್ದಕ್ಕೂ ಒಂದು ಮಾತಿಲ್ಲ. ಸ್ಟೇಷನ್‌ನಲ್ಲಿ ಎರಡು ವಡೆ ತಗೊಂಡು ಒಂದ ನನ್ನ ಕೈಗಿಟ್ಟ. 'ಕುಂತಿ ಮುಂದೆ ಸ್ವಲ್ಪ ತಗ್ಗಿಸಿ ಹಾಡ್ಬೇಕಿತ್ತು ಕಣೋ' ಅಂದ. ಅಷ್ಟೇ. ರೈಲು ಹೊರಡ್ತು."

ಬೆಲ್ಲದ ದುಡ್ಡಿನ ಮಾತು ಮತ್ತೆ ಎಂದೂ ಬರಲಿಲ್ಲವಂತೆ. ಉಗಿಯ ಎಂಜಿನ್ನಿನ ಆ ರೈಲು ಅಂದು ಮದ್ದೂರಿನಲ್ಲಿ ಸಾವಕಾಶವಾಗಿ ನಿಲ್ಲದೆ ಹೋಗಿದ್ದರೆ ಆ ಒಂದು ಮಾತಿಗೂ ಎಡೆಯಿರುತ್ತಿರಲಿಲ್ಲವೇನೋ. ನಮ್ಮ ತಂದೆಯವರಿಗೆ ಹಾಡಿನ ತಗ್ಗು ಏರುಗಳು ತಿಳಿದಿದ್ದುವೆಂಬುದು ನಮಗೆ ಗೊತ್ತಾದದ್ದು ಅವರು ತೀರಿಕೊಂಡು ಇಷ್ಟು ವರ್ಷಗಳಾದ ಮೇಲೆ, ಒಂದು ವಡೆಯ ಮುಂದೆ ಕುಳಿತಾಗ. ಕೇಳಿದ್ದರೆ ಹಾರ್ಮೋನಿಯಂ ಕೊಡಿಸುತ್ತಿದ್ದರೋ ಏನೋ! ಕೇಳಲಿಲ್ಲ.

ಆದುದರಿಂದ ಈ ದಾರಿಯಲ್ಲಿ ಹೋಗುವ ಗೃಹಸ್ಥರಲ್ಲಿ ನಮ್ಮದೊಂದು ಬಿನ್ನಹವಿದೆ. ಮನೆಯ ಹಿರಿಯರು ಜೊತೆಯಲ್ಲಿದ್ದರೆ ಒಂದು ಗಳಿಗೆ ಹೊಸ ಹೆದ್ದಾರಿಯನ್ನು ಬಿಟ್ಟು ಊರೊಳಕ್ಕೆ ಬನ್ನಿ. ಅವರು ಹಿಂದೆ ತಿಂದ ಕಡೆಯಲ್ಲಿ ಕುಳಿತು ಕೇಳಿ. ಮನೆಯಲ್ಲಿ ಬಾರದ ಮಾತು ಅಲ್ಲಿ ಬಂದೀತು.

ಮೈಸೂರಿಗೆ ಬಂದ ಮರುವಾರ ನಮ್ಮ ಮನೆಯವರು ಆ ವಡೆಯನ್ನು ಮಾಡಿದರು. ಹೊರಗೆ ಕೆಂಪಾಗಿತ್ತು, ಒಳಗೆ ಕೊಂಚ ಮೆತ್ತಗಿತ್ತು. ಚಿಕ್ಕಪ್ಪನವರು ಕಾಫಿಯಲ್ಲಿ ಅದ್ದಿ ಎರಡನ್ನು ತಿಂದು ಮುಗಿಸಿ, "ಉರಿ ಸ್ವಲ್ಪ ತಗ್ಗಿಸ್ಬೇಕಿತ್ತು ಕಣವ್ವ" ಎಂದರು. ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಅವರು ಮಾತ್ರ ಏನೂ ಅರಿಯದವರಂತೆ ಮೂರನೆಯ ವಡೆಗೆ ಕೈ ಚಾಚಿದರು.