ಭಾವನ ಮೊದಲ ಶಿಕಾರಿ

ಬೇಟೆಗೆ ಹೋದವರ ಕತೆಯನ್ನು ಪಾಠ ಹೇಳುವುದರಲ್ಲಿಯೇ ನನ್ನ ಅರ್ಧ ಆಯುಸ್ಸು ಸಂದಿದೆ. ರಾಘವಾಂಕನ ಹರಿಶ್ಚಂದ್ರನು ಹಂದಿಯ ಬೆನ್ನಟ್ಟಿ ಹೋಗಿ ವಿಶ್ವಾಮಿತ್ರನ ಆಶ್ರಮವನ್ನು ಸೇರುವ ಪ್ರಸಂಗವನ್ನು ಎಷ್ಟೋ ತರಗತಿಗಳಿಗೆ ವಿವರಿಸಿದ್ದೇನೆ. ಹಳಗನ್ನಡದಲ್ಲಿ ‘ಬೇಟ’ವೆಂದರೆ ಪ್ರೇಮ, ‘ಬೇಂಟೆ’ಯೆಂದರೆ ಶಿಕಾರಿ, ನಡುವಿನ ಸೊನ್ನೆಯನ್ನು ನುಂಗಿ ಪರೀಕ್ಷೆಯಲ್ಲಿ ಅನರ್ಥ ಮಾಡಬೇಡಿರೆಂದು ಹುಡುಗರನ್ನು ಎಚ್ಚರಿಸುತ್ತಲೂ ಬಂದಿದ್ದೇನೆ. ಇಷ್ಟಾದರೂ ಕೋವಿ ಹಿಡಿದವನಲ್ಲ. ನನ್ನ ವಯಸ್ಸಿನವರಿಗೆ ಆ ಅವಕಾಶವೂ ಇರಲಿಲ್ಲವೆನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿಯೂ ಸೇರಿ ಮಲೆನಾಡಿನ ಶಿಕಾರಿಯನ್ನು ಜಗಲಿಯ ಮಾತಾಗಿ ಮಾಡಿದವು. ಉಳಿದಿದ್ದ ಕಾಡನ್ನು ನೆನೆದರೆ, ಒಳ್ಳೆಯದೇ ಆಯಿತು.

ಹೀಗಿರಲು, ಅಮೆರಿಕದ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್ ಎಂಬ ಊರಿನಲ್ಲಿ ಇಪ್ಪತ್ತು ವರ್ಷಗಳಿಂದ ನೆಲೆಸಿರುವ ನಮ್ಮ ಭಾವ ಒಂದು ದಿನ ಫೋನು ಮಾಡಿ, “ಮೇಷ್ಟ್ರೇ, ಈ ಸಾರಿ ದಸರೆಗೆ ಇತ್ತ ಬನ್ನಿ. ಎಲ್ಕ್ ಶಿಕಾರಿಗೆ ಹೋಗೋಣ” ಎಂದರು. ಐವತ್ತು ದಾಟಿದ ಮೇಲೆ ಇವರಿಗೇಕೆ ಈ ಹುಚ್ಚು ಎಂದು ಅಕ್ಕನನ್ನು ಕೇಳಿದೆ. “ಅವರಪ್ಪನ ಕೋವಿ ಗೋಡೆಯ ಮೇಲೆ ತೂಗುತ್ತಿದ್ದುದನ್ನು ನೋಡಿ ಬೆಳೆದವರಲ್ಲವೇನೋ” ಎಂದಳು. ಭಾವನ ತಂದೆ ತೀರ್ಥಹಳ್ಳಿಯ ಕಡೆಯ ಹಳೆಯ ಈಡುಗಾರರು. ಅವರು ಹಂದಿ ಹೊಡೆದದ್ದಕ್ಕಿಂತಲೂ, ಹೊಡೆದ ಮೇಲೆ ಊರ ಮನೆಮನೆಗೂ ಪಾಲು ಕಳಿಸುತ್ತಿದ್ದ ಕತೆಯನ್ನೇ ಭಾವ ಹೆಚ್ಚಾಗಿ ಹೇಳುತ್ತಾರೆ.

ಎಲ್ಕ್ ಎಂಬುದು ನಮ್ಮ ಕಡವೆಯ ಜ್ಞಾತಿ, ಕಡವೆಗಿಂತ ದೊಡ್ಡದು. ಹೆಣ್ಣೇ 225 ಕಿಲೋ ತೂಗುವುದುಂಟು, ಗಂಡು 300 ದಾಟುತ್ತದೆ. ಹೆಸರಿನ ಕತೆ ಸ್ವಾರಸ್ಯವಾದದ್ದು. ಯೂರೋಪಿನವರು ಎಲ್ಕ್ ಎನ್ನುವುದು ಬೇರೆಯೇ ಪ್ರಾಣಿಗೆ, ಅಮೆರಿಕದವರ ಮೂಸ್‌ಗೆ. ಹಡಗಿನಲ್ಲಿ ಬಂದ ಇಂಗ್ಲಿಷರು ತಮ್ಮೊಡನೆ ತಂದ ಹೆಸರನ್ನು ಕಂಡ ಮಿಗಕ್ಕೆ ಅಂಟಿಸಿಬಿಟ್ಟರು. ಆ ನೆಲದ ಶಾನೀ ಜನರು ಕರೆಯುತ್ತಿದ್ದುದು ‘ವಾಪಿಟಿ’ ಎಂದು. ಬಿಳಿಯ ಹಿಂಭಾಗದ್ದು ಎಂದು ಅರ್ಥ. ಓಡುವ ಎಲ್ಕನ್ನು ಹಿಂದಿನಿಂದ ನೋಡಿದವರಿಗೆ ಯಾವ ಹೆಸರು ಸರಿಯೆಂದು ಬೇರೆ ಹೇಳಬೇಕಾಗಿಲ್ಲ. ನಾನಂತೂ ಮೊದಲ ಎರಡು ದಿನ ಅದರ ಆ ಭಾಗವನ್ನೇ ನೋಡಿದೆ.

ಕೋವಿ ಕೊಂಡು ಕಾಡಿಗೆ ನಡೆದರೆ ಶಿಕಾರಿಯಾಯಿತೆಂದು ಅಲ್ಲಿ ಯಾರೂ ತಿಳಿಯುವಂತಿಲ್ಲ. 1949ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರೆಲ್ಲರೂ ಬೇಟೆಯ ಶಿಕ್ಷಣ ಪಡೆದು ತೇರ್ಗಡೆಯಾದ ಹೊರತು ಕೊಲರಾಡೊದಲ್ಲಿ ಪರವಾನಗಿಯಿಲ್ಲ. ನರೆಗೂದಲಿನ ನಮ್ಮ ಭಾವ ಹನ್ನೆರಡು ವರ್ಷದ ಹುಡುಗರ ಪಕ್ಕದಲ್ಲಿ ಕುಳಿತು ಪಾಠ ಕೇಳಿ ಪರೀಕ್ಷೆ ಬರೆದರು. ಮೇಷ್ಟರಾದ ನನಗೆ ಇದರಿಂದ ಆದ ಸಂತೋಷ ಅಷ್ಟಿಷ್ಟಲ್ಲ. ಏಪ್ರಿಲಿನೊಳಗೆ ಅರ್ಜಿ ಹಾಕಬೇಕು. ಚೀಟಿ ಎತ್ತಿದಂತೆ ಹೆಸರು ಬರಬೇಕು. ಯಾವ ಕಾಡಿನ ಭಾಗ, ಯಾವ ದಿನಗಳು, ಗಂಡೋ ಹೆಣ್ಣೋ ಎಂಬುದೆಲ್ಲ ಅದರಲ್ಲಿಯೇ ನಿರ್ಧಾರ. ಭಾವನಿಗೆ ಬಂದದ್ದು ಅಕ್ಟೋಬರ್ ನಡುವಿನ ಐದು ದಿನ, ಒಂದು ಹೆಣ್ಣು ಎಲ್ಕ್.

ಇಷ್ಟು ಬಿಗಿ ಏಕೆಂದರೆ, ಒಮ್ಮೆ ಅವರು ಎಲ್ಲವನ್ನೂ ಕಳೆದುಕೊಳ್ಳುವ ಅಂಚಿಗೆ ಬಂದಿದ್ದರು. ಮಾರುಕಟ್ಟೆಗಾಗಿ ಹೊಡೆದು ಹೊಡೆದು, ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಕೊಲರಾಡೊದಲ್ಲಿ ಎಲ್ಕ್ ಕಾಣುವುದೇ ಅಪರೂಪವಾಗಿತ್ತು. 1913-14ರಲ್ಲಿ ಯೆಲ್ಲೋಸ್ಟೋನ್ ಕಡೆಯಿಂದ ಹಿಡಿದು ತಂದು ಎಸ್ಟೆಸ್ ಪಾರ್ಕಿನ ಬಳಿ ಬಿಡಬೇಕಾಯಿತು. ಇಂದು ಆ ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕಿ ಇವೆ. ಅಮೆರಿಕದ ಬೇರಾವ ರಾಜ್ಯದಲ್ಲಿಯೂ ಇಷ್ಟಿಲ್ಲ. ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆ ಕಾಡುಪ್ರಾಣಿಗಳ ರಕ್ಷಣೆಗೇ ಸಲ್ಲಬೇಕೆಂದು 1937ರಲ್ಲಿ ಕಾನೂನು ಮಾಡಿಕೊಂಡರು. ಕೊಲ್ಲುವವನ ದುಡ್ಡಿನಿಂದ ಕಾಯುವ ಈ ಲೆಕ್ಕ ನನಗೆ ಇನ್ನೂ ಪೂರ್ತಿ ಜೀರ್ಣವಾಗಿಲ್ಲ. ಆದರೆ ಲೆಕ್ಕ ತಪ್ಪೆಂದು ಹೇಳಲಾರೆ.

ಪೂಡರ್ ನದಿಯ ಜೊತೆಯಲ್ಲಿಯೇ ಘಟ್ಟ ಹತ್ತಿ, ಕ್ಯಾಮೆರಾನ್ ಕಣಿವೆ ದಾಟಿ, ವಾಲ್ಡನ್ ಎಂಬ ಪುಟ್ಟ ಊರಿನ ಆಚೆ ಡೇರೆ ಹಾಕಿದೆವು. ಥೋರೋ ಮಹಾಶಯನ ವಾಲ್ಡನ್ ಇದಲ್ಲ. ಮುಳ್ಳಯ್ಯನಗಿರಿಯ ನೆತ್ತಿ 6,300 ಅಡಿ; ನಮ್ಮ ಡೇರೆಯೇ 9,000 ಅಡಿಯ ಮೇಲಿತ್ತು. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರನ್ನು ಹುಡುಕಬೇಕು. ಮೈಮೇಲೆ 500 ಚದರ ಅಂಗುಲಕ್ಕೆ ಕಡಮೆಯಿಲ್ಲದಂತೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ, ತಲೆಗೂ ಅದೇ ಟೊಪ್ಪಿಗೆ. ನಿಯಮವಿರುವುದು ಬೇಟೆಗಾರನಿಗೆ, ಕೋವಿಯಿಲ್ಲದ ನನಗೂ ಭಾವ ಬಿಡದೆ ತೊಡಿಸಿದರು. ಆ ಬಣ್ಣ ಎಲ್ಕಿನ ಕಣ್ಣಿಗೆ ಮಾಸಲಾಗಿ ಕಾಣುತ್ತದಂತೆ. ಮನುಷ್ಯರಿಗೆ ಮಾತ್ರ ನಾವು ಮದುವೆಯ ಬ್ಯಾಂಡಿನವರಂತೆ ಕಾಣುತ್ತಿದ್ದೆವು.

ಎಲ್ಕ್ ನಂಬುವುದು ಕಣ್ಣಿಗಿಂತ ಮೂಗನ್ನು. ಭಾವನಿಗೆ ಗುರುವಾಗಿದ್ದ ನೆರೆಮನೆಯ ಮುದುಕರು ಒಂದು ಪುಟ್ಟ ಶೀಶೆಯಲ್ಲಿ ವಾಸನೆಯಿಲ್ಲದ ಪುಡಿ ಕೊಟ್ಟಿದ್ದರು. ಒತ್ತಿದರೆ ಹೊಗೆಯಂತೆ ಹಾರಿ ಗಾಳಿಯ ದಾರಿಯನ್ನು ತೋರಿಸುತ್ತದೆ. ಬೆಳಗಿನ ಜಾವ ತಣ್ಣನೆಯ ಗಾಳಿ ಇಳಿಜಾರಿನಲ್ಲಿ ನೀರಿನಂತೆ ಕೆಳಕ್ಕೆ ಹರಿಯುತ್ತದೆ. ಆಗ ಮಿಗಕ್ಕಿಂತ ಕೆಳಗಿರಬೇಕು. ಬಿಸಿಲೇರಿತೋ, ಗಾಳಿಯೂ ಮೇಲಕ್ಕೆ ಏರುತ್ತದೆ. ಆಗ ನಾವು ಮೇಲಿರಬೇಕು. ಮೊದಲನೆಯ ದಿನ ಈ ಎರಡರ ನಡುವಿನ ಗಳಿಗೆಯಲ್ಲಿ ಪುಡಿ ತಿರುಗಿ ನಮ್ಮ ಮುಖಕ್ಕೇ ಬಂದಿತು; ಹಿಂದೆಯೇ ಮೇಲಿನ ಮರಗಳಲ್ಲಿ ಕೊಂಬೆಗಳು ಮುರಿದ ಸದ್ದು. ಎರಡನೆಯ ದಿನ ಹಿಂಡು ಬಯಲಿನಲ್ಲಿಯೇ ಮೇಯುತ್ತಿತ್ತು, ನಾನೂರು ಗಜದಲ್ಲಿ. ಭಾವ ಬೇಸಗೆಯೆಲ್ಲ ಗುರಿ ಕಲಿತದ್ದು ಇನ್ನೂರು ಗಜದವರೆಗೆ. ದುರ್ಬೀನಿನಲ್ಲಿ ಬಹಳ ಹೊತ್ತು ನೋಡಿ ಕೋವಿಯನ್ನು ಕೆಳಗಿಟ್ಟರು. ನನಗೆ ಅವರ ಮೇಲೆ ಗೌರವ ಹೆಚ್ಚಾದದ್ದು ಆಗ.

ಮೂರನೆಯ ದಿನ ಸಂಜೆ ಆಸ್ಪೆನ್ ಮರಗಳ ಅಂಚಿನಿಂದ ನಾಲ್ಕೈದು ಹೆಣ್ಣುಗಳು ಹೊರಬಂದವು. ಒಂದರ ಪಕ್ಕದಲ್ಲಿ ಆ ವರ್ಷದ ಕರು. ದೂರ ನೂರೈವತ್ತು ಗಜ. ಭಾವ ಕೋವಿಯನ್ನು ಬಿದ್ದ ಮರದ ಮೇಲೆ ಊರಿ ಕಾದರು. ಗುರಿಯ ಹಿಂದೆ ಇನ್ನೊಂದು ನಿಂತಿತ್ತು. ಅದು ಸರಿಯಿತು. ಇದು ಅಡ್ಡ ತಿರುಗಿತು. ಮುಂಗಾಲಿನ ಹಿಂದೆ, ಶ್ವಾಸಕೋಶವಿರುವ ಎಡೆ. ಕರು ಇದರದೇ ಇರಬಹುದೇ ಎಂದು ನಾನು ಪಿಸುಗುಟ್ಟುವುದರೊಳಗೆ ಈಡು ಆಯಿತು. ಅದು ಮೂವತ್ತು ಗಜ ಓಡಿ, ನಿಂತು, ಮಡಿಸಿಕೊಂಡು ಬಿದ್ದಿತು. ಉಳಿದವು ಮರಗಳೊಳಗೆ ಹೋದವು. ಕರು ಮಾತ್ರ ಅಂಚಿನಲ್ಲಿ ನಿಂತು ತಿರುಗಿ ನೋಡಿ, ಅನಂತರ ಹಿಂಡಿನ ಹಿಂದೆ ಹೋಯಿತು. ಅಕ್ಟೋಬರಿನ ಹೊತ್ತಿಗೆ ಕರುಗಳು ಹುಲ್ಲು ಮೇಯ್ದು ಹಿಂಡಿನೊಡನೆ ಬದುಕಬಲ್ಲವೆಂದು ಮುದುಕರು ಮೊದಲೇ ಹೇಳಿದ್ದರು. ಭಾವ ಅದನ್ನು ನನಗೆ ಎರಡು ಸಾರಿ ಹೇಳಿದರು. ಮೂರನೆಯ ಸಾರಿ ತಮಗೇ ಹೇಳಿಕೊಂಡರು.

ಅರ್ಧ ಗಂಟೆ ಕಾದು ಹತ್ತಿರ ಹೋದೆವು. ಕತ್ತಿನ ಕಂದು ಕೂದಲು ಇನ್ನೂ ಬೆಚ್ಚಗಿತ್ತು. ಭಾನುವಾರ ಮಾಂಸದಂಗಡಿಯ ಮುಂದೆ ಬೀದಿಯ ಕಡೆ ಮುಖ ಮಾಡಿ ನಿಂತು, “ಒಂದು ಕಿಲೋ, ಎಳೆಯದು” ಎನ್ನುವ ಕುಲ ನಮ್ಮದು. ಇಲ್ಲಿ ಮುಖ ತಿರುಗಿಸಲು ಬೀದಿಯೇ ಇರಲಿಲ್ಲ. ಭಾವ ಪರವಾನಗಿಯ ಚೀಟಿಗೆ ರುಜು ಹಾಕಿ ತಾರೀಖು ಬರೆದರು. ಬ್ಯಾಟರಿ ದೀಪವನ್ನು ನಾನು ಹಿಡಿದೆ. ಆಮೇಲೆ ಕಾಲನ್ನೂ ಹಿಡಿದೆ. ನಾಲ್ಕು ಕಾಲಿನ ಭಾಗ, ಬೆನ್ನಿನ ಮಾಂಸ, ಒಳಮಾಂಸ ಇವನ್ನು ಬಿಟ್ಟುಬರುವುದು ಅಲ್ಲಿ ಅಪರಾಧ. ಕೊಂಬಿಗಾಗಿ ಕೊಂದು ಮಾಂಸ ಕೊಳೆಸುವವನಿಗೆ ದಂಡ ಕಾದಿರುತ್ತದೆ. ಮಾಂಸವನ್ನು ಕೆಡಿಸುವುದು ಅದರದೇ ಕಾವು. ಆದ್ದರಿಂದ ತೊಗಲನ್ನು ಬೇಗ ಬಿಡಿಸಿ, ಬಟ್ಟೆಯ ಚೀಲಗಳಲ್ಲಿ ಗಾಳಿಗೆ ತೂಗುಹಾಕಬೇಕು. ಒಂದೊಂದು ಹಿಂಗಾಲಿನ ಭಾಗ ಇಪ್ಪತ್ತೈದು ಕಿಲೋದಷ್ಟು. ಎರಡು ಮೈಲಿ ದಾರಿ, ಇಬ್ಬರಿಗೂ ಎರಡೆರಡು ಸಾರಿ. ಮೊದಲ ಹೊರೆ ಡೇರೆಗೆ ಬಂದಾಗ ನಡುರಾತ್ರಿ. ಉಳಿದದ್ದು ಮರದ ಮೇಲೆ ಹೆಪ್ಪುಗಟ್ಟುತ್ತ ಬೆಳಗಿನವರೆಗೆ ಕಾದಿತ್ತು. ಹಿಂದೆ ಬಗ್ಗಿ ನಡೆಯುವಾಗ ಬೆನ್ನಿನ ಮೇಲಿನ ಆ ಭಾರ ನನ್ನ ಬೆನ್ನನ್ನು ಬೆಚ್ಚಗೆ ಇಟ್ಟಿತ್ತೆಂಬುದನ್ನು ಯಾರಿಗೂ ಹೇಳಿರಲಿಲ್ಲ.

ಮೇಲ್ದವಡೆಯಲ್ಲಿ ದಂತದಂತಹ ಎರಡು ಹಲ್ಲುಗಳಿರುತ್ತವೆ. ಒಂದನ್ನು ಭಾವ ಇಟ್ಟುಕೊಂಡರು, ಒಂದನ್ನು ನೆರೆಯ ಮುದುಕರಿಗೆ ಕೊಟ್ಟರು. ಮಿಗದ ತಲೆ ಪರೀಕ್ಷೆಗೆ ಹೋಯಿತು. ಜಿಂಕೆ ಜಾತಿಗಳನ್ನು ಸವೆಸಿ ಕೊಲ್ಲುವ ಒಂದು ಮಿದುಳು ರೋಗವುಂಟು; ಅದು ಮೊದಲು ಕಂಡದ್ದೂ ಕೊಲರಾಡೊದಲ್ಲಿಯೇ, 1967ರಲ್ಲಿ. ಫಲಿತಾಂಶ ಬರುವವರೆಗೆ ಒಂದು ತುಂಡನ್ನೂ ಒಲೆಗೆ ಏರಿಸಕೂಡದೆಂದು ಅಕ್ಕನ ಆಜ್ಞೆ. ಅಷ್ಟರಲ್ಲಿ ನನ್ನ ರಜೆ ಮುಗಿಯಿತು.

ಇಲ್ಲಿಗೆ ಬಂದು ಎರಡು ವಾರವಾಗಿರಬಹುದು. ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆಗಳ ನಡುವೆ ಕುಳಿತಿದ್ದಾಗ ಅಕ್ಕನ ಫೋನು ಬಂತು. ರೋಗವಿಲ್ಲವಂತೆ. ಧನಿಯ, ಕಾಯಿ, ಲವಂಗ ಅರೆದು ಸಾರು ಮಾಡಿದ್ದಳು. ಆ ಬೀದಿಯ ಏಳು ಮನೆಗಳಿಗೆ ಭಾವ ತಾವೇ ಹೋಗಿ ಪೊಟ್ಟಣ ಕೊಟ್ಟು ಬಂದರಂತೆ. “ಕುರಿಯಂತಿದೆಯೇ?” ಎಂದು ಕೇಳಿದೆ. “ಅಲ್ಲ, ಬೇರೆ. ಬಂದು ನೋಡು” ಎಂದಳು. “ಹೊತ್ತವರ ಪಾಲು ತೆಗೆಯದೆ ಯಾರೂ ಉಣ್ಣಬಾರದು ಅಂದರು ನಿಮ್ಮ ಭಾವ. ನಿನ್ನ ಹೆಸರು ಬರೆದು ಫ್ರೀಜರಿನ ತಳದಲ್ಲಿ ಇಟ್ಟಿದ್ದಾರೆ.”