ಹಿಮದ ನಾಡಿನ ಸೊಳ್ಳೆಗಳು

ಚಳಿಯ ದೇಶದಲ್ಲಿ ಸೊಳ್ಳೆ ಬದುಕಲಾರದೆಂದು ನಮ್ಮಲ್ಲಿ ಬಹುಮಂದಿ ನಂಬಿರುವರು. ಅಲಾಸ್ಕದ ಡೆನಾಲಿ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಉಣ್ಣೆಯ ಉಡುಪು ಎಷ್ಟು ಬೇಕೆಂದು ಕೇಳಿದ್ದಾನೆ. ಉಣ್ಣೆಯ ಮಾತು ಆಮೇಲಾಗಲಿ. ಜೂನ್ ತಿಂಗಳಿನಲ್ಲಿ ಹೋಗುವುದಾದರೆ ಮೊದಲು ಮುಖಕ್ಕೊಂದು ಬಲೆಯನ್ನು ಕೊಂಡುಕೋ ಎಂಬುದೇ ನನ್ನ ಉತ್ತರ.

ಅಲ್ಲಿ ಬಹುಭಾಗದ ನೆಲವು ಮೇಲ್ಪದರದ ಕೆಳಗೆ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಕರಗಿದ ಹಿಮದ ನೀರು ಕೆಳಕ್ಕೆ ಇಂಗಲಾರದೆ ಎಲ್ಲೆಂದರಲ್ಲಿ ಮಡುಗಟ್ಟುತ್ತದೆ. ಹಿಂದಿನ ಬೇಸಗೆಯಲ್ಲಿ ಇಟ್ಟ ಮೊಟ್ಟೆಗಳು ಈ ನೀರಿನಲ್ಲಿ ಒಮ್ಮೆಗೇ ಒಡೆಯುತ್ತವೆ. ಜೂನ್ ತಿಂಗಳಿನಲ್ಲಿ ಹಗಲು 20 ಗಂಟೆಗೂ ಮಿಕ್ಕಿರುತ್ತದೆ. ಕೆಲವು ಜಾತಿಯ ಸೊಳ್ಳೆಗಳಂತೂ ತರಗೆಲೆಯ ಅಡಿಯಲ್ಲಿ, ಹಿಮದ ಹೊದಿಕೆಯೊಳಗೆ ಚಳಿಗಾಲವನ್ನೇ ಕಳೆದು ವಸಂತದಲ್ಲಿ ಏಳುತ್ತವೆ. ಕ್ಯಾರಿಬೂ ಎಂಬ ಜಿಂಕೆಗಳು ಇವುಗಳ ಕಾಟ ತಾಳಲಾರದೆ ಗಾಳಿ ಬೀಸುವ ದಿಣ್ಣೆಗಳಿಗೂ ಉಳಿದ ಹಿಮದ ತುಣುಕುಗಳಿಗೂ ಓಡುವುದುಂಟು.

ನಾವು 2014ರ ಜೂನ್ ಕೊನೆಯಲ್ಲಿ ವಂಡರ್ ಲೇಕ್ ಎಂಬ ಸರೋವರದವರೆಗೆ ಬಸ್ಸಿನಲ್ಲಿ ಹೋಗಿದ್ದೆವು. (2021ರಲ್ಲಿ ಭೂಕುಸಿತದಿಂದ ಆ ದಾರಿ ನಡುವೆಯೇ ಮುಚ್ಚಿತು, ಹೊರಡುವ ಮುನ್ನ ವಿಚಾರಿಸಿಕೊಳ್ಳಿ.) ಬಾಗಿಲು ತೆರೆದೊಡನೆ ಬೂದುಬಣ್ಣದ ಮೋಡವೇ ಒಳನುಗ್ಗಿತು. ನಮ್ಮ ಅಕ್ಕನವರು ಕುಳಿತಲ್ಲಿಂದ ಏಳಲಿಲ್ಲ. ಡಿಡಿಟಿ ಬರುವ ಮುಂಚಿನ ಮಲೆನಾಡಿನಲ್ಲಿ, ಎರಡು ವರ್ಷದ ತಮ್ಮನನ್ನು ಚಳಿಜ್ವರ ಕೊಂಡೊಯ್ದುದನ್ನು ಅವರು ಕಣ್ಣಾರೆ ಕಂಡವರು. ನಾನು ಹುಟ್ಟುವ ಮೊದಲಿನ ಮಾತದು. "ಇವೂ ಅದೇ ಜ್ವರ ತರುವುವೇನೋ?" ಎಂದು ಕೇಳಿದರು. ಅಲಾಸ್ಕದಲ್ಲಿ ಮಲೇರಿಯ ಹರಡುವುದಿಲ್ಲವೆಂದೂ, ಆ ರೋಗಾಣು ಸೊಳ್ಳೆಯ ಒಡಲಲ್ಲಿ ಬಲಿಯಲು ಹಲವು ದಿನಗಳ ಬಿಸುಪು ಬೇಕೆಂದೂ ತರಗತಿಯಲ್ಲಿ ಹೇಳುವಂತೆ ಹೇಳಿದೆ. ಅವರು ನಂಬಿದರೋ ಇಲ್ಲವೋ! ಅಷ್ಟರಲ್ಲಿ ಡೆನಾಲಿ ಶಿಖರದ ಮೇಲಿನ ಮೋಡ ಸರಿಯಿತು. ಹೋದವರಲ್ಲಿ ಮೂವರಿಗೊಬ್ಬರಿಗಷ್ಟೇ ಆ ಶಿಖರದ ದರ್ಶನವೆನ್ನುತ್ತಾರೆ. ಅಕ್ಕ ಸೆರಗನ್ನು ಬಿಗಿದು, ಬಲೆಯನ್ನು ತಲೆಗೇರಿಸಿ, ಇಳಿದೇ ಬಿಟ್ಟರು. ನೀರಿನ ಅಂಚಿನಲ್ಲಿ ಬಹಳ ಹೊತ್ತು ನಿಂತಿದ್ದರು. ನಾನು ಕರೆಯಲಿಲ್ಲ.

ಇನ್ನು ವ್ಯವಹಾರದ ಮಾತು. ತೆಳುವಾದ ಬಿಗಿ ಉಡುಪನ್ನು ಸೊಳ್ಳೆಗಳು ಚುಚ್ಚಿ ದಾಟುತ್ತವೆ. ಸಡಿಲವಾದ, ತಿಳಿಬಣ್ಣದ, ತುಂಬುತೋಳಿನ ಅಂಗಿಯಿರಲಿ. ತೆರೆದ ಮೈಗೆ ಡೀಟ್ ಇರುವ ಲೇಪವನ್ನು ಹಚ್ಚಿಕೊಳ್ಳಿ. ಊರಿನಿಂದ ಸೊಳ್ಳೆಬತ್ತಿ ಹೊತ್ತೊಯ್ಯುವ ಶ್ರಮ ಬೇಡ, ಬಯಲಿನಲ್ಲಿ ಅದು ವ್ಯರ್ಥ. ಊಟದ ಬುತ್ತಿಯನ್ನು ಗಾಳಿಯಾಡುವ ಎತ್ತರದಲ್ಲಿ ಬಿಚ್ಚಿ. ದಿನಾಂಕ ನಿಮ್ಮ ಕೈಯಲ್ಲಿದ್ದರೆ ಆಗಸ್ಟ್ ಉತ್ತರಾರ್ಧವನ್ನು ಆರಿಸಿಕೊಳ್ಳಿ: ಸೊಳ್ಳೆಗಳು ಬಹಳ ಕಡಿಮೆಯಾಗಿರುತ್ತವೆ, ಬ್ಲೂಬೆರ್ರಿ ಹಣ್ಣಾಗಿರುತ್ತದೆ, ಬಯಲೆಲ್ಲ ಕೆಂಪೇರತೊಡಗಿರುತ್ತದೆ. ಆಗ ಉಣ್ಣೆಯೂ ಬೇಕಾದೀತು.