ಮೇಳಗಳ ಸೀಮೆ

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೊರಟ ಬಸ್ಸು ಹೆದ್ದಾರಿಯ ಮೇಲೆ ಓಡುತ್ತಿರುವಾಗ ಪ್ರಯಾಣಿಕನ ಕಣ್ಣಿಗೆ ಬೀಳುವುದು ಕರಿಮಣ್ಣಿನ ಹೊಲಗಳು, ಗೋವಿನಜೋಳದ ಸಾಲುಗಳು, ಅಲ್ಲಲ್ಲಿ ಒಂದೊಂದು ಕೆರೆ. ಶಿಗ್ಗಾವಿ, ಸವಣೂರು, ಹಾನಗಲ್ಲ, ಹಿರೇಕೆರೂರು ಎಂಬ ಹೆಸರುಗಳು ಕೈಮರಗಳ ಮೇಲೆ ಕಾಣಿಸಿಕೊಂಡು ಹಿಂದೆ ಸರಿಯುತ್ತವೆ. ಕೆಲಸವಿಲ್ಲದೆ ಇಲ್ಲಿ ಇಳಿಯುವವರು ವಿರಳ. ಆದರೆ ಜಾತ್ರೆಯ ದಿನವೋ, ಮದುವೆಯ ತಿಂಗಳೋ, ಅಮಾವಾಸ್ಯೆಯ ಒಂದು ರಾತ್ರಿಯೋ ಇಳಿದುನೋಡಿದ ಪ್ರವಾಸಿಗೆ ಕಣ್ಣಿಗಿಂತ ಕಿವಿಗೇ ಹೆಚ್ಚಿನ ಔತಣ ದೊರೆಯುವುದರಲ್ಲಿ ಸಂದೇಹವಿಲ್ಲ. ಹಿಂದೆ ಧಾರವಾಡ ಜಿಲ್ಲೆಗೆ ಸೇರಿದ್ದು, 1997ರಿಂದ ಹಾವೇರಿ ಜಿಲ್ಲೆಯ ಭಾಗವಾಗಿರುವ ಈ ನಾಲ್ಕು ತಾಲೂಕುಗಳು ನಿಜಕ್ಕೂ ಮೇಳಗಳ ಸೀಮೆ.

'ಬ್ಯಾಂಡು' ಎಂದೊಡನೆ ನಗರವಾಸಿಯ ಮನಸ್ಸಿಗೆ ಬರುವುದು ಜರಿಯಂಚಿನ ಅಂಗಿ, ಹಿತ್ತಾಳೆಯ ತುತ್ತೂರಿ, ಸಿನಿಮಾ ಹಾಡು. ಅಂಥ ಬ್ಯಾಂಡುಗಳು ಇಲ್ಲಿಯೂ ಉಂಟು. ಆದರೆ ಊರವರ ಬಾಯಲ್ಲಿ 'ಮೇಳ' ಎಂಬ ಮಾತಿಗೆ ಇನ್ನೂ ವಿಶಾಲವಾದ ಅರ್ಥವಿದೆ. ಕೂಡಿ ಹಾಡುವವರು, ಕೂಡಿ ಬಾರಿಸುವವರು, ಕೂಡಿ ಕುಣಿಯುವವರು ಎಲ್ಲರೂ ಮೇಳದವರೇ. ಯಾವ ಮೇಳ ಯಾವ ಹೊತ್ತಿಗೆ, ಯಾರ ಮುಂದೆ, ಯಾವ ದೇವರಿಗೆ ಎಂಬುದಕ್ಕೆ ಹಿಂದಿನಿಂದ ಬಂದ ಕಟ್ಟಳೆಯುಂಟು. ಆ ಕಟ್ಟಳೆ ತಿಳಿಯುವವರೆಗೆ ಪ್ರವಾಸಿಗೆ ಎಲ್ಲವೂ ಒಂದೇ ಗದ್ದಲ. ತಿಳಿದ ಮೇಲೆ ಒಂದೊಂದಕ್ಕೂ ಬೇರೆ ಮುಖ.

ಮೊದಲು ಸಿಕ್ಕುವುದು ಶಿಗ್ಗಾವಿ. ಕನಕದಾಸರ ಹುಟ್ಟೂರಾದ ಬಾಡ ಈ ತಾಲೂಕಿನಲ್ಲಿದೆ. ಸಂತ ಶರೀಫರ ಶಿಶುನಾಳವೂ ಇಲ್ಲಿಯೇ. 1819ರಿಂದ 1889ರವರೆಗೆ ಬಾಳಿದ ಶರೀಫರು, ಕಳಸದ ಗೋವಿಂದಭಟ್ಟರ ಶಿಷ್ಯರಾಗಿ, ಕೊಡ, ಗಿರಣಿ, ಸೋರುವ ಮನೆ ಮುಂತಾದ ನಿತ್ಯದ ವಸ್ತುಗಳಲ್ಲಿ ತತ್ತ್ವವನ್ನು ಕಂಡು ಹಾಡಿದವರು. ನಗರದ ಮನೆಗಳಿಗೆ ಆ ಪದಗಳು ಬಂದದ್ದು ಸಿ. ಅಶ್ವತ್ಥರ ಕಂಠದಿಂದ, 1990ರ ಚಲನಚಿತ್ರದಿಂದ. ಹಳ್ಳಿಯ ಭಜನಾ ಮೇಳದಲ್ಲಿ ಅವೇ ಪದಗಳು ಬೇರೆ ನಡಿಗೆಯಲ್ಲಿ ಸಾಗುತ್ತವೆ. ಗುಡಿಯ ಕಟ್ಟೆಯ ಮೇಲೆ ಕಂಬಳಿ ಹಾಸಿದೆ; ಒಬ್ಬರ ಕೈಯಲ್ಲಿ ಏಕತಾರಿ, ಇನ್ನೊಬ್ಬರಲ್ಲಿ ದಮ್ಮಡಿ, ನಡುವೆ ಪೇಟಿ, ಸುತ್ತಲೂ ತಾಳಗಳು. ಮುಂದಾಳು ಒಂದು ಸಾಲು ಹಾಡಿದರೆ ಉಳಿದವರು ಅದನ್ನೇ ಎತ್ತಿಕೊಳ್ಳುವರು. ಮೊದಲು ಮೆಲ್ಲನೆ ಸಾಗುವ ಪದ ತುಸುತುಸುವೇ ಚುರುಕಾಗಿ, ಕಡೆಗೆ ಹಾಡುವವರ ಮೈಯೆಲ್ಲ ತಾಳವಾಗುತ್ತದೆ. ದೂರ ನಿಂತು ಕೇಳುವ ಹೊಸಬನಿಗೆ, "ಅಲ್ಲ್ಯಾಕ ನಿಂತೀರಿ, ಬರ್ರಿ, ತಾಳ ಹಿಡೀರಿ" ಎಂಬ ಕರೆ ತಪ್ಪದೆ ಬರುವುದು. ಈ ಮೇಳದಲ್ಲಿ ಶ್ರೋತೃಗಳೆಂಬ ಬೇರೆ ವರ್ಗವೇ ಇಲ್ಲ. ಹಗಲು ನೇಗಿಲು ಹಿಡಿದವರೇ ರಾತ್ರಿ ತಾಳ ಹಿಡಿದವರು.

ಶಿಗ್ಗಾವಿಯಿಂದ ಪೂರ್ವಕ್ಕೆ ಹೊರಳಿದರೆ ಸವಣೂರು. ನವಾಬರು ಆಳಿದ ಈ ಪುಟ್ಟ ಸಂಸ್ಥಾನ 1948ರಲ್ಲಿ ಅಂದಿನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಕವಿ ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ ಊರಿದು. ದೈತ್ಯಾಕಾರದ ಮೂರು ದೊಡ್ಡಹುಣಸೆ ಮರಗಳೂ, ಸತ್ಯಬೋಧತೀರ್ಥರ ವೃಂದಾವನವೂ, ಹಳೆಯ ಮಸೀದಿಗಳೂ ಒಂದೇ ಊರಿನಲ್ಲಿವೆ. ಒಂದೆಡೆ ದಾಸರ ಪದಗಳ ಭಜನೆ, ಇನ್ನೊಂದೆಡೆ ಮೊಹರಮ್ಮಿನ ಹಲಗೆ!

ಮೊಹರಮ್ಮಿಗೆ ಈ ಕಡೆ ಅಲಾವಿ ಹಬ್ಬವೆಂದು ಹೆಸರು. ಕ್ರಿ.ಶ. 680ರಲ್ಲಿ ಕರ್ಬಲಾದ ಮರುಭೂಮಿಯಲ್ಲಿ ಮಡಿದ ಹುಸೇನರ ಕಥೆ ಇಲ್ಲಿ ಅಚ್ಚಗನ್ನಡದ ರಿವಾಯತ್ ಪದಗಳಾಗಿದೆ. ಹೆಜ್ಜೆ ಮೇಳದವರು ಸುತ್ತಾಗಿ ನಿಂತು, ಹಾಡುತ್ತ, ಒಂದೇ ಹೆಜ್ಜೆಯಲ್ಲಿ ತಿರುಗುವರು. ದುಃಖದ ಕಥೆಯಾದ್ದರಿಂದ ಆ ಧಾಟಿಯಲ್ಲಿ ಒಂದು ಬಗೆಯ ಬಿಗಿ ಉಂಟು. ಮುಸಲ್ಮಾನರ ಮನೆ ಒಂದೂ ಇಲ್ಲದ ಎಷ್ಟೋ ಹಳ್ಳಿಗಳಲ್ಲಿ ಹಿಂದೂಗಳೇ ಪಂಜಾ ಕೂರಿಸಿ, ರಿವಾಯತ್ ಹಾಡುವ ರೂಢಿ ಉತ್ತರ ಕರ್ನಾಟಕದಲ್ಲಿ ಬೆಳೆದುಬಂದಿದೆ. ಶರೀಫರೂ ಅಲಾವಿ ಪದಗಳನ್ನು ಕಟ್ಟಿದವರೆಂಬುದನ್ನು ನೆನೆದರೆ ಶಿಗ್ಗಾವಿಯ ಭಜನೆಗೂ ಸವಣೂರಿನ ಹೆಜ್ಜೆಗೂ ಇರುವ ಒಳನಂಟು ತಿಳಿಯುತ್ತದೆ.

ಹೆದ್ದಾರಿಯನ್ನು ದಾಟಿ ಪಶ್ಚಿಮಕ್ಕೆ ಹೋದರೆ ಗದ್ದೆ ತೋಟಗಳ ಸೆರಗು ಹೊದ್ದ ಹಾನಗಲ್ಲ. ತಾರಕೇಶ್ವರ ಗುಡಿಯ ಕಮಲದ ಛತ್ತನ್ನು ಕತ್ತೆತ್ತಿ ನೋಡಿ ಹೊರಬಂದ ಪ್ರವಾಸಿಗೆ ಊರಿನ ಉತ್ಸವವೇನಾದರೂ ಎದುರಾದರೆ ಆತ ಭಾಗ್ಯವಂತನೇ ಸರಿ. ಮುಂದೆ ನಂದಿಕೋಲು, ಅದರ ಹಿಂದೆ ನಡುವಿಗೆ ಕಟ್ಟಿದ ಜೋಡಿ ಸಮಾಳ, ಅದರ ಗತ್ತಿಗೆ ವೀರಭದ್ರನ ಒಡಪು ಹೇಳುತ್ತ ಕುಣಿಯುವ ಪುರವಂತರು. ಮದುವೆ ಮೆರವಣಿಗೆಯಾದರೆ ಕರಡಿಮಜಲು. ಕರಡಿಯೆಂದರೆ ಮೃಗವಲ್ಲ, ಕೊರಳಿಗೆ ತೂಗುಹಾಕಿ ಬಾರಿಸುವ ಚರ್ಮವಾದ್ಯ. ಅದರ ಗುಡುಗಿನ ಮೇಲೆ ಸನಾದಿಯ ಎಳೆ ನವಿರಾಗಿ ಹರಿಯುವುದು. 1977ರ 'ಸನಾದಿ ಅಪ್ಪಣ್ಣ' ಚಿತ್ರದಲ್ಲಿ ಬಿಸ್ಮಿಲ್ಲಾ ಖಾನರು ನುಡಿಸಿದ್ದು ಈ ವಾದ್ಯವನ್ನೇ.

ಹಾನಗಲ್ಲಿನ ಹೆಸರು ಹೊರಜಗತ್ತಿಗೆ ಕೇಳಿಸಿದ್ದು ಸಂಗೀತದಿಂದಲೇ. ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯವರು ಈ ಊರಿನ ಹೆಸರನ್ನು ಹೊತ್ತು ದೇಶವನ್ನೆಲ್ಲ ಸುತ್ತಿದರು. ಆದರೆ ಇನ್ನೊಂದು ಕಥೆ ಇನ್ನೂ ಹತ್ತಿರದ್ದು. ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯನೆಂಬ ಕುರುಡು ಬಾಲಕ ಹುಟ್ಟಿದ. ಆ ಕಾಲದ ಬಡ ಕುಟುಂಬದ ಕುರುಡು ಹುಡುಗನಿಗೆ ಭಿಕ್ಷೆಯ ಹೊರತು ಬೇರೆ ದಾರಿ ಯಾವುದಿತ್ತು? ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು ಆತನ ಕಂಠವನ್ನು ಗುರುತಿಸಿದರು. ಕರೆದುಕೊಂಡು ಹೋಗಿ ಸಂಗೀತ ಕಲಿಸಿದರು. ಆತನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು. ಅವರ ಸಂಚಾರಿ ಪಾಠಶಾಲೆ ಊರಿಂದೂರಿಗೆ ಅಲೆದು, ಕಡೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. ಕುರುಡ ಮಕ್ಕಳಿಗೆ ಅನ್ನವೂ ವಿದ್ಯೆಯೂ ದೊರೆತವು. ಇದೇ ಸೀಮೆಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜರು 1944ರಲ್ಲಿ ಗುರುಗಳು ಅಗಲಿದ ತರುವಾಯ ಆಶ್ರಮವನ್ನು ವಹಿಸಿಕೊಂಡು, 2010ರವರೆಗೆ ಬಾಳಿ ನಡೆಸಿದರು. ಒಬ್ಬರು ಕಿವಿಗೊಟ್ಟು ಕೇಳಿದ್ದರಿಂದ ಎಷ್ಟು ಮನೆಗಳ ದೀಪ ಹೊತ್ತಿತು!

ದಕ್ಷಿಣದ ಹಿರೇಕೆರೂರಿಗೆ ಬಂದರೆ ದನಿ ದಪ್ಪವಾಗುತ್ತದೆ. ಬೀರದೇವರ ಗುಡಿಯ ಮುಂದೆ ಹತ್ತಾರು ಡೊಳ್ಳುಗಳು ಒಮ್ಮೆಲೇ ಮೊಳಗಿದಾಗ ಕೇಳುವವರ ಎದೆಗೂಡೇ ನಡುಗುತ್ತದೆ. ಬಲಗೈಯಲ್ಲಿ ಕೋಲು, ಎಡಗೈ ಬರಿಯದು. ಸೊಂಟದ ಮೇಲೆ ಆ ಭಾರವನ್ನು ಹೊತ್ತು ಕುಣಿಯುವ ತರುಣರ ಕಸುವು ಮೆಚ್ಚತಕ್ಕದ್ದು. ಇನ್ನು ದೀಪಾವಳಿಯ ಕಾಲದ ಕೊಬ್ಬರಿ ಹೋರಿಯ ಸಂಭ್ರಮವನ್ನು ಬಣ್ಣಿಸುವುದು ಕಷ್ಟ. ಕೊಬ್ಬರಿಯ ಸರ ಕಟ್ಟಿ ಸಿಂಗರಿಸಿದ ಹೋರಿಗಳನ್ನು ಓಡಬಿಡುವಾಗ ಹಲಗೆಯ ಬಡಿತವಿಲ್ಲದಿದ್ದರೆ ಹೋರಿಗೂ ಹುರುಪಿಲ್ಲ, ಜನರಿಗೂ ಹುರುಪಿಲ್ಲ.

ಇಷ್ಟೆಲ್ಲ ಕೇಳಿ ತಣಿದ ಪ್ರವಾಸಿ ಮರಳುವ ಮುನ್ನ ಒಂದು ಮಾತನ್ನು ಗಮನಿಸಬೇಕು. ಈ ಮೇಳಗಳೆಲ್ಲ ಒಂದೇ ನೆಲೆಯವಲ್ಲ. ಭಜನೆಯವರು ತಮ್ಮ ಸಂತೋಷಕ್ಕೆ ಹಾಡುವವರು; ಡೊಳ್ಳಿನವರು ತಮ್ಮ ಕುಲದೇವರಿಗೆ ಬಾರಿಸುವವರು. ಹಲಗೆ ಮತ್ತು ಸನಾದಿಯವರ ಪಾಡು ಹಾಗಲ್ಲ. ತಲೆತಲಾಂತರದಿಂದ ಊರಿನ ಶುಭಕ್ಕೂ ಅಶುಭಕ್ಕೂ ಬಾರಿಸುವುದು ಅವರ ಪಾಲಿಗೆ ಬಂದ ಬಿಟ್ಟಿ ಕರ್ತವ್ಯವಾಗಿತ್ತು. ಸುಗ್ಗಿಯಲ್ಲಿ ಒಂದಿಷ್ಟು ಕಾಳು, ಹಬ್ಬದಲ್ಲಿ ಒಂದು ಊಟ. ಅದೂ ಅಂಗಳದ ಹೊರಗೆ. ಅವರ ವಾದ್ಯವಿಲ್ಲದೆ ಮದುವೆ ಸಾಗದು. ಆದರೆ ಮದುವೆಯ ಪಂಕ್ತಿಯಲ್ಲಿ ಅವರಿಗೆ ಎಡೆಯಿರಲಿಲ್ಲ. ಇಂದು ಅವರ ಮಕ್ಕಳು ಶಾಲೆ ಕಲಿತು ಬೇರೆ ಉದ್ಯೋಗ ಹಿಡಿಯುತ್ತಿದ್ದರೆ, ಕಲೆ ನಶಿಸಿತೆಂದು ಹಲುಬುವ ಅಧಿಕಾರ ಯಾರಿಗಿದೆ?

ಮೆರವಣಿಗೆಗಳಲ್ಲಿ ಇತ್ತೀಚೆಗೆ ಡಿ.ಜೆ. ಎಂಬ ಧ್ವನಿವರ್ಧಕಗಳ ಗಾಡಿ ಮುಂದಾಗಿದೆ. ಕರೆದರೆ ಬರುತ್ತದೆ, ಒತ್ತಿದರೆ ಕೂಗುತ್ತದೆ. ಅದಕ್ಕೆ ಊಟ ಬೇಡ, ಮರ್ಯಾದೆಯೂ ಬೇಡ. ಅದರ ಎದುರು ಮೇಳ ನಿಲ್ಲಬೇಕಾದರೆ ಕನಿಕರದಿಂದ ಆಗದು. ಶಿಗ್ಗಾವಿಯ ಬಳಿ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯ ಈ ಕಲೆಗಳನ್ನು ಪಾಠದ ವಿಷಯವನ್ನಾಗಿ ಮಾಡಿದೆ, ಒಳ್ಳೆಯದೇ. ಆದರೆ ಮೇಳ ಉಳಿಯುವುದು ಮನೆಯ ಬಾಗಿಲಲ್ಲಿ. ಮಗಳ ಮದುವೆಗೆ ಸನಾದಿಯವರನ್ನು ಕರೆಸುವ ಗೃಹಸ್ಥರು ಒಪ್ಪಿದ ಹಣವನ್ನು ಚೌಕಾಸಿಯಿಲ್ಲದೆ ಕೊಟ್ಟು, ಬೀಗರ ಪಂಕ್ತಿಯಲ್ಲಿಯೇ ಎಲೆ ಹಾಕಿಸಿದರೆ, ಆ ವಾದ್ಯ ಹಿಡಿಯಲು ಇನ್ನೊಂದು ತಲೆಮಾರು ಮುಂದೆ ಬಂದೀತು.

ಕಾಡಶೆಟ್ಟಿಹಳ್ಳಿಯ ಹುಡುಗನಿಗೆ ದೊರೆತದ್ದು ಬರಿಯ ಭಿಕ್ಷೆಯಾಗಿದ್ದರೆ ನಾಡಿಗೆ ಒಬ್ಬ ಭಿಕ್ಷುಕ ಹೆಚ್ಚಾಗುತ್ತಿದ್ದ. ಅವನಿಗೆ ದೊರೆತದ್ದು ಆಸನ. ಈ ಸೀಮೆಯ ಮೇಳಗಳು ಬೇಡುವುದೂ ಅದನ್ನೇ.